ವೆಕ್ಟರ್ ಚಿತ್ರಣ ತಂತ್ರಾಂಶ: ಮುದ್ರಣ ವಿನ್ಯಾಸದಲ್ಲಿ ಅದರ ಬಳಕೆ

ಗೆರೆ, ಆಕಾರ, ಅಕ್ಷರಗಳನ್ನು ಚುಕ್ಕಿಗಳ ರಾಶಿಯಾಗಿ ಕೂಡಿಡದೆ ಬಿಂದು, ವಕ್ರರೇಖೆ, ಬಣ್ಣದ ಸೂಚನೆಗಳಾಗಿ ದಾಖಲಿಸುವ ಗಣಕ ತಂತ್ರಾಂಶಕ್ಕೆ ವೆಕ್ಟರ್ ಚಿತ್ರಣ ತಂತ್ರಾಂಶ ಎನ್ನುತ್ತಾರೆ. ಅಡೋಬಿ ಇಲ್ಲಸ್ಟ್ರೇಟರ್, ಕೋರಲ್‌ಡ್ರಾ, ಅಫಿನಿಟಿ ಡಿಸೈನರ್, ಇಂಕ್‌ಸ್ಕೇಪ್ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವಂಥವು. ಲಾಂಛನ, ಲಗ್ನಪತ್ರಿಕೆ, ಪುಸ್ತಕದ ಮುಖಪುಟ, ಭಿತ್ತಿಪತ್ರ, ಲೇಬಲ್, ಪೊಟ್ಟಣದ ಹೊದಿಕೆ, ನಕ್ಷೆ, ಫ್ಲೆಕ್ಸ್ ಎಲ್ಲವೂ ಇಂದು ಬಹುಮಟ್ಟಿಗೆ ಇವುಗಳಲ್ಲೇ ರೂಪುಗೊಳ್ಳುತ್ತವೆ. ಇಂಚಿಗೆ 300 ಚುಕ್ಕಿಗಳಿರುವ ಛಾಯಾಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಇಂಚಿಗೆ 75 ಚುಕ್ಕಿಗಳಷ್ಟೇ ಉಳಿದು ಚಿತ್ರ ಒಡೆಯುತ್ತದೆ. ವೆಕ್ಟರ್ ಚಿತ್ರಕ್ಕೆ ಆ ತೊಂದರೆಯಿಲ್ಲ.

ಆದರೆ ‘ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ’ ಎಂಬ ಹೊಗಳಿಕೆಯನ್ನೇ ನೆಚ್ಚಿಕೊಂಡವರು ಪ್ರೆಸ್ಸಿನಲ್ಲಿ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ಸೂತ್ರವಾಗಿ ಹುಟ್ಟಿದ ಗೆರೆಯೂ ಅಚ್ಚಿನ ಪ್ಲೇಟಿನ ಮೇಲೆ ಇಳಿಯುವಾಗ ಚುಕ್ಕಿಯಾಗಲೇಬೇಕು. ಆ ಕೆಲಸ ಮಾಡುವ ಯಂತ್ರಕ್ಕೆ ರಿಪ್ ಎಂದು ಹೆಸರು. ಅದು ಸಾಮಾನ್ಯವಾಗಿ ಇಂಚಿಗೆ 2400 ಅಥವಾ 2540 ಚುಕ್ಕಿಗಳ ದರದಲ್ಲಿ ಇಡೀ ಪುಟವನ್ನು ಹೊಸದಾಗಿ ಬರೆಯುತ್ತದೆ. ಪರದೆಯ ಮೇಲೆ ಅಂದವಾಗಿ ಕಂಡದ್ದು ಅಲ್ಲಿ ಹೇಗೆ ಇಳಿಯುತ್ತದೆ, ಯಾವ ಶಾಯಿ ಯಾವ ಪ್ಲೇಟಿಗೆ ಹೋಗುತ್ತದೆ ಎಂದು ಚಿತ್ರಿಸುವಾಗಲೇ ಬಲ್ಲವರ ಕೈಯಲ್ಲಿ ಮಾತ್ರ ಈ ತಂತ್ರಾಂಶಗಳು ಪೂರ್ತಿ ಫಲ ಕೊಡುತ್ತವೆ.

ಹಿನ್ನೆಲೆ

ಈ ತಂತ್ರಾಂಶಗಳ ತಳಹದಿಯಾದ ವಕ್ರರೇಖೆ ಬಂದದ್ದು ಕಾರು ಕಾರ್ಖಾನೆಯಿಂದ. ಕಾರಿನ ಮೈಯ ಬಾಗುಗಳನ್ನು ಲೆಕ್ಕದಲ್ಲಿ ಹಿಡಿದಿಡುವ ವಿಧಾನವನ್ನು ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿದ್ದ ಪಾಲ್ ದ ಕ್ಯಾಸ್ಟೆಲ್‌ಜೊ 1959ರಲ್ಲಿ ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಪಿಯರ್ ಬೆಜಿಯೆ 1960ರ ದಶಕದಲ್ಲಿ ತಮ್ಮದೇ ದಾರಿಯಲ್ಲಿ ಅಲ್ಲಿಗೆ ತಲುಪಿ ಪ್ರಕಟಿಸಿದರು. ರೇಖೆಗೆ ಅವರ ಹೆಸರೇ ನಿಂತಿತು. 1982ರಲ್ಲಿ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ ಅಮೆರಿಕದಲ್ಲಿ ಅಡೋಬಿ ಕಂಪನಿ ಕಟ್ಟಿ, 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟವಿವರಣೆಯ ಭಾಷೆಯನ್ನು ಹೊರತಂದರು. ಅಕ್ಷರವೂ ಚಿತ್ರವೂ ಅದರಲ್ಲಿ ಬೆಜಿಯೆ ರೇಖೆಗಳೇ. ಒಂದೇ ಫೈಲನ್ನು ಇಂಚಿಗೆ 300 ಚುಕ್ಕಿಯ ಆಪಲ್ ಲೇಸರ್‌ರೈಟರ್‌ಗೂ (1985) ಅಚ್ಚಿಗೆ ಫಿಲ್ಮ್ ತಯಾರಿಸುವ 2540 ಚುಕ್ಕಿಯ ಇಮೇಜ್‌ಸೆಟ್ಟರ್‌ಗೂ ಕಳಿಸಬಹುದಾಯಿತು. ಎರಡೂ ಕಡೆ ಆಯಾ ಯಂತ್ರದ ಶಕ್ತಿಗೆ ತಕ್ಕ ಅಚ್ಚು ಬರುತ್ತಿತ್ತು. ಗಣಕದಲ್ಲೇ ಪುಟ ಸಿದ್ಧಪಡಿಸುವ ಡಿಟಿಪಿ ಎಂಬ ಕಸುಬು ಹುಟ್ಟಿದ್ದೇ ಇದರಿಂದ.

ಇಲ್ಲಸ್ಟ್ರೇಟರ್ 1987ರಲ್ಲಿ ಮ್ಯಾಕಿಂಟಾಷ್ ಗಣಕಕ್ಕಾಗಿ ಬಂದಿತು. ಮರುವರ್ಷ ಆಲ್ಡಸ್ ಫ್ರೀಹ್ಯಾಂಡ್, 1989ರಲ್ಲಿ ಕೆನಡಾದ ಒಟ್ಟಾವಾದಿಂದ ಕೋರಲ್‌ಡ್ರಾ. ಕೋರಲ್‌ಡ್ರಾ ಮೊದಲಿನಿಂದಲೂ ವಿಂಡೋಸ್ ಗಣಕದ ತಂತ್ರಾಂಶ. ಅಗ್ಗದ ಪಿಸಿಗಳ ಮೇಲೆ ನಡೆಯುತ್ತಿದ್ದುದರಿಂದ ಭಾರತದ ಡಿಟಿಪಿ ಅಂಗಡಿಗಳಲ್ಲಿ ಅದೇ ಬೇರೂರಿತು. ‘ಕೋರಲ್ ಫೈಲ್ ಇದೆಯಾ?’ ಎಂಬುದು ಕರ್ನಾಟಕದ ಸಣ್ಣ ಪ್ರೆಸ್ಸುಗಳಲ್ಲಿ ಇಂದಿಗೂ ಗಿರಾಕಿಗೆ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು. ಫ್ರೀಹ್ಯಾಂಡ್ ಕೈಯಿಂದ ಕೈಗೆ ದಾಟಿ ಕೊನೆಗೆ ಅಡೋಬಿಯ ಪಾಲಾಗಿ 2007ರಲ್ಲಿ ನಿಂತುಹೋಯಿತು. 2003ರಲ್ಲಿ ಶುರುವಾದ ಇಂಕ್‌ಸ್ಕೇಪ್ ಮುಕ್ತ ತಂತ್ರಾಂಶ. ಅಂತರಜಾಲದ ಎಸ್‌ವಿಜಿ ಮಾದರಿಯೇ ಅದರ ಮೂಲ ರೂಪ.

ಈ ಫೈಲುಗಳೆಲ್ಲ ಕೊನೆಗೆ ಸೇರುವ ಆಫ್‌ಸೆಟ್ ಯಂತ್ರದ ಮೂಲ 1796ರಲ್ಲಿ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚು. 1843ರ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲೇ ಅಚ್ಚಾದದ್ದು. ಕನ್ನಡದ ಮೊದಲ ಪತ್ರಿಕೆಯ ಅಕ್ಷರಗಳು ಮೊಳೆ ಜೋಡಿಸಿದವಲ್ಲ, ಕೈಯಲ್ಲಿ ಬರೆದ ಗೆರೆಗಳು.

ಗೆರೆ ಮತ್ತು ನೋಡ್

ಬೆಜಿಯೆ ರೇಖೆಯ ಪ್ರತಿ ತುಂಡಿಗೂ ಎರಡು ತುದಿಬಿಂದುಗಳು, ರೇಖೆಯನ್ನು ತಮ್ಮತ್ತ ಸೆಳೆಯುವ ಎರಡು ಹಿಡಿಕೆಗಳು ಇರುತ್ತವೆ. ತುದಿಬಿಂದುವಿಗೆ ನೋಡ್ ಎನ್ನುತ್ತಾರೆ. ನಾಲ್ಕು ನೋಡ್‌ಗಳಿಂದ ವೃತ್ತ ಬರೆಯಬಹುದು: ಹಿಡಿಕೆಯ ಉದ್ದ ತ್ರಿಜ್ಯದ 0.5523ರಷ್ಟಿದ್ದರೆ ನಿಜವಾದ ವೃತ್ತಕ್ಕೂ ಅದಕ್ಕೂ ಇರುವ ವ್ಯತ್ಯಾಸ ಶೇಕಡಾ 0.03ನ್ನೂ ಮುಟ್ಟುವುದಿಲ್ಲ. ವೃತ್ತಕ್ಕೇ ನಾಲ್ಕು ಸಾಕಾದ ಮೇಲೆ ಒಂದು ಲಾಂಛನದ ಎಲೆಗೆ ನಲವತ್ತು ನೋಡ್ ಇದ್ದರೆ ಬರೆದವರ ಕೈ ಪಳಗಿಲ್ಲವೆಂದೇ ತಿಳಿಯಬೇಕು. ಬಾಗಿನ ತುತ್ತತುದಿಗಳಲ್ಲಿ, ಅಂದರೆ ಮೇಲೆ, ಕೆಳಗೆ, ಎಡ, ಬಲ ಎಲ್ಲೆಲ್ಲಿ ರೇಖೆ ಹೊರಳುತ್ತದೆಯೋ ಅಲ್ಲಿ ನೋಡ್ ಇಟ್ಟು, ನಡುವಿನ ಹಾದಿಯನ್ನು ಹಿಡಿಕೆಗಳಿಗೆ ಬಿಡುವುದು ಅಕ್ಷರವಿನ್ಯಾಸಕರ ರೂಢಿ. ನೋಡ್ ಕಡಿಮೆಯಾದಷ್ಟೂ ರೇಖೆ ನಯ.

ಚುಕ್ಕಿಚಿತ್ರವನ್ನು ತಾನಾಗಿಯೇ ವೆಕ್ಟರ್ ಗೆರೆಗಳಾಗಿಸುವ ಆಟೋ ಟ್ರೇಸ್ ಎಂಬ ಸೌಲಭ್ಯ ಇದಕ್ಕೆ ನೇರ ವಿರುದ್ಧ. ಸಂಘದ ಲಾಂಛನದ ವಾಟ್ಸಾಪ್ ಚಿತ್ರವೊಂದನ್ನು ತಂದು ಟ್ರೇಸ್ ಒತ್ತಿದರೆ ಚಿತ್ರದ ಮಸುಕೂ ಅಂಚಿನ ಹಲ್ಲುಗಳೂ ನೋಡ್‌ಗಳಾಗಿ ಗಟ್ಟಿಯಾಗುತ್ತವೆ. ಫೈಲು ಹೆಸರಿಗೆ ವೆಕ್ಟರ್. ಹಿಗ್ಗಿಸಿದರೆ ಕಾಣುವುದು ಅದೇ ಮಸುಕಿನ ದೊಡ್ಡ ಪ್ರತಿ. ಮೊದಲ ಪೀಳಿಗೆಯ ಪೋಸ್ಟ್‌ಸ್ಕ್ರಿಪ್ಟ್ ಯಂತ್ರಗಳಲ್ಲಿ ಒಂದು ರೇಖೆಗೆ ಸುಮಾರು 1500 ಬಿಂದುಗಳ ಮಿತಿ ಇತ್ತು. ಮೀರಿದರೆ ಯಂತ್ರ ಪುಟವನ್ನೇ ಕೈಬಿಡುತ್ತಿತ್ತು. ಈಗಿನವು ನುಂಗಿಕೊಳ್ಳುತ್ತವೆ, ಆದರೆ ಟ್ರೇಸ್ ಮಾಡಿದ ಲಾಂಛನಕ್ಕೆ ಬೇರೆ ಬಣ್ಣ ತುಂಬಲು ಹೊರಟವರಿಗೆ ಅದರ ಕಷ್ಟ ಗೊತ್ತು. ಹಳೆಯ ಚಿತ್ರವನ್ನು ಕೆಳಗಿನ ಲೇಯರಿನಲ್ಲಿ ಮಸುಕಾಗಿಟ್ಟು ಮೇಲೆ ಕೈಯಾರೆ ಬರೆಯುವುದು ನಿಧಾನವೆನಿಸಿದರೂ ಬೇಗ ಮುಗಿಯುವ ದಾರಿ ಅದೇ.

ಗೆರೆಯ ದಪ್ಪ ಇನ್ನೊಂದು ವಿಷಯ. ಸೊನ್ನೆ ದಪ್ಪದ ಗೆರೆ ಎಂದರೆ ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ‘ಯಂತ್ರಕ್ಕೆ ಸಾಧ್ಯವಾದಷ್ಟು ಸಣ್ಣದು’ ಎಂದರ್ಥ. 300 ಚುಕ್ಕಿಯ ಲೇಸರ್ ಪ್ರಿಂಟಿನಲ್ಲಿ ಅದು ಒಂದು ಮಿಲಿಮೀಟರಿನ ಹನ್ನೆರಡನೇ ಒಂದು ಭಾಗವಾಗಿ ಸೊಗಸಾಗಿ ಕಾಣುತ್ತದೆ. 2400ರ ಪ್ಲೇಟಿನಲ್ಲಿ ನೂರನೇ ಒಂದು ಭಾಗಕ್ಕೆ ಇಳಿದು ಅಚ್ಚಿನಲ್ಲಿ ಮಾಯವಾಗುತ್ತದೆ. ಆದ್ದರಿಂದ ಆಫ್‌ಸೆಟ್‌ನಲ್ಲಿ 0.25 ಪಾಯಿಂಟಿಗಿಂತ ಸಣ್ಣ ಗೆರೆ ಬಳಸಬಾರದೆಂಬ ನಿಯಮವಿದೆ. ಸ್ಕ್ರೀನ್ ಪ್ರಿಂಟಿಂಗ್‌ಗೆ ಅದರ ಎರಡರಷ್ಟಾದರೂ ಬೇಕು. ಲಗ್ನಪತ್ರಿಕೆಯ ಗಣಪತಿ ಇದರ ನಿತ್ಯದ ಪರೀಕ್ಷೆ. ಅಂಗೈಯಗಲ ಬರೆದ ಗಣಪನನ್ನು ಲಕೋಟೆಯ ಮೂಲೆಗೆಂದು ಹದಿನೈದು ಮಿಲಿಮೀಟರಿಗೆ ಕುಗ್ಗಿಸುವಾಗ ಗೆರೆಯನ್ನೂ ಜೊತೆಗೆ ಕುಗ್ಗಿಸುವ ಆಯ್ಕೆ ಒತ್ತಿದ್ದರೆ ಒಂದು ಪಾಯಿಂಟಿನ ಗೆರೆ 0.15ಕ್ಕೆ ಇಳಿದು ಸೊಂಡಿಲು ಅಲ್ಲಲ್ಲಿ ಕಡಿದುಹೋಗುತ್ತದೆ. ಒತ್ತದಿದ್ದರೆ ಗೆರೆ ಹಾಗೇ ಉಳಿದು ಕಿರೀಟವೂ ಕಿವಿಯೂ ಒಂದೇ ಮುದ್ದೆ. ಸಣ್ಣ ಅಳತೆಗೆ ವಿವರ ಕಡಿಮೆಯಿರುವ ಬೇರೆಯದೇ ಗಣಪನನ್ನು ಬರೆದಿಟ್ಟುಕೊಳ್ಳುವುದೊಂದೇ ಸರಿಯಾದ ಪರಿಹಾರ. ಒಳ್ಳೆಯ ಲಾಂಛನಗಳಿಗೂ ಹೀಗೆ ಎರಡು ರೂಪ ಇರುತ್ತವೆ.

ಬಣ್ಣ ಮತ್ತು ಶಾಯಿ

ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಕಟ್ಟುತ್ತದೆ. ಮಲ್ಟಿಕಲರ್ ಮುದ್ರಣ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ (ಸಿಎಂವೈಕೆ) ಕಟ್ಟುತ್ತದೆ. ಪರದೆಯ ಎಳೆಹಸಿರು, ಹೊಳೆಯುವ ಕಿತ್ತಳೆ, ಕಡುನೀಲಿಗಳು ಶಾಯಿಗೆ ಸಿಗುವುದಿಲ್ಲ. ಆದ್ದರಿಂದ ಕೆಲಸ ಶುರುಮಾಡುವಾಗಲೇ ಫೈಲನ್ನು ಸಿಎಂವೈಕೆ ಕ್ರಮದಲ್ಲಿ ತೆರೆದು, ಬಣ್ಣವನ್ನು ಕಣ್ಣಳತೆಯಲ್ಲಿ ಆರಿಸದೆ ಶೇಕಡಾವಾರು ಅಂಕಿಯಲ್ಲೇ ಕೊಡಬೇಕು. ಎಲ್ಲರೂ ಎಡವುವ ಜಾಗ ನೀಲಿ: ಸಯಾನ್ 100, ಮೆಜೆಂಟಾ 100 ಕೊಟ್ಟರೆ ಅಚ್ಚಿನಲ್ಲಿ ನೇರಳೆ ಬರುತ್ತದೆ. ಮೆಜೆಂಟಾವನ್ನು 70ಕ್ಕೆ ಇಳಿಸಿದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ.

ನಾಲ್ಕೂ ಶಾಯಿಗಳ ಮೊತ್ತಕ್ಕೂ ಮಿತಿಯಿದೆ. ಆರ್ಟ್ ಪೇಪರ್ ಶೇಕಡಾ 300ರಿಂದ 330ರವರೆಗೆ ತಾಳುತ್ತದೆ. ಪತ್ರಿಕೆಯ ನ್ಯೂಸ್‌ಪ್ರಿಂಟ್ 240ಕ್ಕೇ ಸೋಲುತ್ತದೆ. ಮೀರಿದರೆ ಶಾಯಿ ಒಣಗದೆ ಒಂದು ಹಾಳೆಯ ಬಣ್ಣ ಇನ್ನೊಂದರ ಬೆನ್ನಿಗೆ ಅಂಟುತ್ತದೆ. ಕಪ್ಪನ್ನು ‘ರಿಜಿಸ್ಟ್ರೇಶನ್’ ಎಂಬ ಹೆಸರಿನ ಬಣ್ಣದಿಂದ ತುಂಬಿದವರು ತಮಗೆ ತಿಳಿಯದೆಯೇ ನಾಲ್ಕೂ ಶಾಯಿಗೆ 100ರಂತೆ 400 ಕೊಟ್ಟಿರುತ್ತಾರೆ; ಅದು ಕತ್ತರಿಸುವ ಜಾಗ, ಪ್ಲೇಟುಗಳ ಹೊಂದಿಕೆ ತೋರಿಸುವ ಕಟಿಂಗ್ ಮಾರ್ಕ್, ರಿಜಿಸ್ಟ್ರೇಶನ್ ಮಾರ್ಕ್‌ಗಳಿಗೆ ಮಾತ್ರ ಮೀಸಲು. ದೊಡ್ಡ ಕಪ್ಪು ಹಾಸಿನಲ್ಲಿ ಕಪ್ಪು 100ರ ಜೊತೆ ಸಯಾನ್ 60, ಮೆಜೆಂಟಾ 40, ಹಳದಿ 40 ಬೆರೆಸುವುದು ವಾಡಿಕೆ. ಬರಿಯ ಕಪ್ಪು ದೊಡ್ಡ ಹಾಸಿನಲ್ಲಿ ಬೂದಿ ಹೊಡೆದಂತೆ ಕಾಣುವುದರಿಂದ ಈ ಏರ್ಪಾಡು. ಸಣ್ಣ ಅಕ್ಷರಕ್ಕೆ ಮಾತ್ರ ಯಾವ ಕಾರಣಕ್ಕೂ ಬೆರಕೆ ಕಪ್ಪು ಕೂಡದು.

ಚಿನ್ನ, ಬೆಳ್ಳಿಯ ಬಣ್ಣ ಈ ನಾಲ್ಕು ಶಾಯಿಗಳಲ್ಲಿ ಹುಟ್ಟುವುದಿಲ್ಲ. ಅವಕ್ಕೆ ಸ್ಪಾಟ್ ಕಲರ್ ಎಂಬ ಪ್ರತ್ಯೇಕ ಶಾಯಿ, ಪ್ರತ್ಯೇಕ ಪ್ಲೇಟು ಬೇಕು. 1963ರಲ್ಲಿ ಅಮೆರಿಕದ ಲಾರೆನ್ಸ್ ಹರ್ಬರ್ಟ್ ತಂದ ಪ್ಯಾಂಟೋನ್ ಅಂಕಿಗಳು ಇಂಥ ಶಾಯಿಗಳ ಗುರುತು. ಲೋಹದ ಹೊಳಪು ಕೊಡುವ ಫಾಯಿಲ್, ಆಯ್ದ ಜಾಗಕ್ಕೆ ಮಿರುಗು ಹಚ್ಚುವ ಸ್ಪಾಟ್ ಯುವಿ, ಆಕಾರಕ್ಕೆ ತಕ್ಕಂತೆ ಕತ್ತರಿಸುವ ಡೈ ಕಟಿಂಗ್‌ಗಳಿಗೂ ಇದೇ ಉಪಾಯ: ಅವುಗಳ ಆಕಾರಕ್ಕೆ ಒಂದೊಂದು ಸ್ಪಾಟ್ ಬಣ್ಣದ ಹೆಸರು ಕೊಟ್ಟು ಬೇರೆ ಲೇಯರಿನಲ್ಲಿ ಇಡುತ್ತಾರೆ.

ರಿಜಿಸ್ಟ್ರೇಶನ್ ಮತ್ತು ಓವರ್‌ಪ್ರಿಂಟ್

ನಾಲ್ಕು ಪ್ಲೇಟುಗಳು ಒಂದರ ಮೇಲೊಂದು ಕೂದಲೆಳೆಯಷ್ಟೂ ತಪ್ಪದೆ ಕೂರುವುದು ಅಪರೂಪ. ತಪ್ಪಿದಾಗ ಏನಾಗುತ್ತದೆ ಎಂದು ಮುಂಚೆಯೇ ಊಹಿಸಿ ಬಣ್ಣ ಆರಿಸುವುದು ಈ ಕಸುಬಿನ ನಿಜವಾದ ಜಾಣ್ಮೆ. ರಾಜ್ಯೋತ್ಸವದ ಭಿತ್ತಿಪತ್ರವನ್ನೇ ನೋಡಿ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಕನ್ನಡ ಬಾವುಟದಲ್ಲಿ ಮೇಲೆ ಹಳದಿ, ಕೆಳಗೆ ಕೆಂಪು. ಹಳದಿ ಪಟ್ಟಿಗೆ ಹಳದಿ 100, ಕೆಂಪು ಪಟ್ಟಿಗೆ ಮೆಜೆಂಟಾ 100 ಮತ್ತು ಹಳದಿ 100 ಕೊಟ್ಟರೆ ಹಳದಿ ಪ್ಲೇಟು ಇಡೀ ಬಾವುಟವನ್ನು ಒಂದೇ ಹಾಸಾಗಿ ಮುಚ್ಚುತ್ತದೆ. ಮೆಜೆಂಟಾ ಕೆಳಗಿನ ಅರ್ಧದ ಮೇಲಷ್ಟೇ ಬೀಳುತ್ತದೆ. ಪ್ಲೇಟು ಸ್ವಲ್ಪ ಆಚೀಚೆಯಾದರೂ ಎರಡು ಬಣ್ಣಗಳ ನಡುವೆ ಕಾಗದದ ಬಿಳಿ ಇಣುಕುವ ಪ್ರಮೇಯವೇ ಇಲ್ಲ. ಅದೇ ಹಳದಿಯ ಪಕ್ಕದಲ್ಲಿ ಬರಿಯ ಸಯಾನ್ ಪಟ್ಟಿ ಇಟ್ಟರೆ ಎರಡಕ್ಕೂ ಸಾಮಾನ್ಯವಾದ ಶಾಯಿ ಯಾವುದೂ ಇಲ್ಲ. ಯಂತ್ರ ತುಸು ತಪ್ಪಿದರೂ ನಡುವೆ ಬಿಳಿ ಎಳೆ ಕಾಣುತ್ತದೆ. ಅಂಥಲ್ಲಿ ತಿಳಿಬಣ್ಣವನ್ನು ಕಡುಬಣ್ಣದ ಕೆಳಗೆ ಸುಮಾರು 0.25 ಪಾಯಿಂಟ್ ನುಗ್ಗಿಸಬೇಕಾಗುತ್ತದೆ. ಇದೇ ಟ್ರ್ಯಾಪಿಂಗ್. ಇಂದು ರಿಪ್ ಯಂತ್ರಗಳೇ ಬಹುಪಾಲು ಟ್ರ್ಯಾಪಿಂಗ್ ಮಾಡುತ್ತವೆ, ಆದರೂ ಅಕ್ಕಪಕ್ಕದ ಬಣ್ಣಗಳಿಗೆ ಒಂದು ಶಾಯಿಯಾದರೂ ಸಾಮಾನ್ಯವಾಗಿರುವಂತೆ ಜೋಡಿಸಿದರೆ ಅದರ ಅಗತ್ಯವೇ ಬೀಳುವುದಿಲ್ಲ.

ಬಣ್ಣದ ಹಾಸಿನ ಮೇಲೆ ಬರುವ ಸಣ್ಣ ಕಪ್ಪು ಅಕ್ಷರವನ್ನು ಓವರ್‌ಪ್ರಿಂಟ್ ಮಾಡಬೇಕು. ಅಂದರೆ ಕೆಳಗಿನ ಬಣ್ಣದಲ್ಲಿ ಅಕ್ಷರದ ಆಕಾರದ ಕಿಂಡಿ ಕೊರೆಯದೆ ಅದರ ಮೇಲೆಯೇ ಕಪ್ಪು ಹಾಕಬೇಕು. ಇದೇ ಸೌಲಭ್ಯ ತಿರುಗುಬಾಣವೂ ಆಗುತ್ತದೆ. ಓವರ್‌ಪ್ರಿಂಟ್ ಗುರುತು ಹೊತ್ತ ಕಪ್ಪು ಲಾಂಛನಕ್ಕೆ ಯಾರೋ ಬಿಳಿ ಬಣ್ಣ ತುಂಬುತ್ತಾರೆ. ಗುರುತು ಮಾತ್ರ ಹಾಗೇ ಉಳಿದಿರುತ್ತದೆ. ಬಿಳಿ ಎಂದರೆ ಶಾಯಿಯೇ ಇಲ್ಲ, ಇಲ್ಲದ್ದನ್ನು ಬಣ್ಣದ ಮೇಲೆ ಅಚ್ಚುಹಾಕಿದರೆ ಉಳಿಯುವುದು ಕೆಳಗಿನ ಬಣ್ಣವಷ್ಟೆ. ಪರದೆಯಲ್ಲಿ ಢಾಳಾಗಿ ಕಂಡ ಲಾಂಛನ ಸಾವಿರಾರು ಪ್ರತಿಗಳಲ್ಲಿ ಪತ್ತೆಯಿರುವುದಿಲ್ಲ. ‘ಓವರ್‌ಪ್ರಿಂಟ್ ಪ್ರಿವ್ಯೂ’ ಹಾಕಿ ನೋಡಿದರೆ ಈ ಅನಾಹುತ ಪರದೆಯಲ್ಲೇ ಸಿಕ್ಕಿಬೀಳುತ್ತದೆ.

ಛಾಯೆ, ನೆರಳು

ಒಂದು ಬಣ್ಣದಿಂದ ಇನ್ನೊಂದಕ್ಕೆ ಕರಗುವ ಗ್ರೇಡಿಯೆಂಟ್ ಪರದೆಯಲ್ಲಿ ನುಣುಪು, ಕಾಗದದ ಮೇಲೆ ಕೆಲವೊಮ್ಮೆ ಪಟ್ಟೆಪಟ್ಟೆ. ಕಾರಣ ಲೆಕ್ಕದಲ್ಲಿದೆ. 2400 ಚುಕ್ಕಿಯ ಪ್ಲೇಟಿನಲ್ಲಿ 150 ಲೈನಿನ ಸ್ಕ್ರೀನ್, ಅಂದರೆ ಇಂಚಿಗೆ 150 ಸಾಲು ಮುದ್ರಣಚುಕ್ಕಿ, ಹಾಕಿದಾಗ ಒಂದೊಂದು ಮುದ್ರಣಚುಕ್ಕಿಗೆ ಸಿಗುವುದು 16 ಗುಣಿಸು 16, ಅಂದರೆ 256 ಮನೆಗಳು. ಒಂದು ಶಾಯಿಯಲ್ಲಿ ಸಾಧ್ಯವಾದ ಛಾಯೆಗಳೂ ಸುಮಾರು ಅಷ್ಟೆ. ಕಪ್ಪು 20ರಿಂದ 50ಕ್ಕೆ ಹೋಗುವ ಗ್ರೇಡಿಯೆಂಟಿಗೆ ಅದರ ಶೇಕಡಾ 30, ಎಂದರೆ 77 ಮೆಟ್ಟಿಲು ದಕ್ಕುತ್ತವೆ. ಅದನ್ನು 300 ಮಿಲಿಮೀಟರ್ ಉದ್ದಕ್ಕೆ ಹಾಸಿದರೆ ಒಂದೊಂದು ಮೆಟ್ಟಿಲೂ ಹೆಚ್ಚುಕಡಿಮೆ ನಾಲ್ಕು ಮಿಲಿಮೀಟರ್ ಅಗಲವಾಗಿ ಕಣ್ಣಿಗೆ ರಾಚುತ್ತದೆ. ಉದ್ದ ತಗ್ಗಿಸಬೇಕು, ಇಲ್ಲವೇ ಬಣ್ಣದ ಅಂತರ ಹೆಚ್ಚಿಸಬೇಕು. ಎರಡೂ ಆಗದಿದ್ದರೆ ಫೋಟೊಶಾಪ್‌ನಲ್ಲಿ ಅಷ್ಟು ಭಾಗಕ್ಕೆ ತುಸು ‘ನಾಯ್ಸ್’ ಸೇರಿಸಿ ತರಬೇಕು.

ಡ್ರಾಪ್ ಶ್ಯಾಡೋ, ಗ್ಲೋ ಮುಂತಾದ ಪರಿಣಾಮಗಳು ವೆಕ್ಟರ್ ಫೈಲಿನಲ್ಲಿ ಕುಳಿತಿದ್ದರೂ ವೆಕ್ಟರ್ ಅಲ್ಲ. ಇಲ್ಲಸ್ಟ್ರೇಟರ್‌ನಲ್ಲಿ ಫೈಲನ್ನು ವೆಬ್ ಮಾದರಿಯಲ್ಲಿ ತೆರೆದಿದ್ದರೆ ಅವು ಇಂಚಿಗೆ 72 ಚುಕ್ಕಿಯಲ್ಲೇ ತಯಾರಾಗುತ್ತವೆ. ಇಡೀ ಪುಟ ಚೂಪಾಗಿದ್ದು ನೆರಳು ಮಾತ್ರ ಒಡೆದಿದ್ದರೆ ಹುಡುಕಬೇಕಾದ್ದು ಇಲ್ಲಿ.

ಕನ್ನಡ ಅಕ್ಷರಗಳ ಪಾಡು

ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವ ಶಕ್ತಿ ವಿನ್ಯಾಸ ತಂತ್ರಾಂಶಗಳಿಗೆ ಬರುವುದು ಬಹಳ ತಡವಾಯಿತು. ಆ ಅವಧಿಯಲ್ಲಿ ಕನ್ನಡದ ಡಿಟಿಪಿಯನ್ನು ಕೈಹಿಡಿದು ನಡೆಸಿದ್ದು ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯ ಶ್ರೀಲಿಪಿ. ಈ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ತುಂಡುತುಂಡಾಗಿ ಕೂತಿರುತ್ತವೆ: ಮೂಲಾಕ್ಷರ ಒಂದು ತುಂಡು, ಕೊಂಬು ಇನ್ನೊಂದು, ಒತ್ತು ಮತ್ತೊಂದು. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು. ‘ಕರ್ವ್ ಮಾಡಿ ಕಳಿಸಿ’ ಎಂದು ಪ್ರೆಸ್ಸಿನವರು ಪಟ್ಟುಹಿಡಿಯುವುದಕ್ಕೆ ಮುಖ್ಯ ಕಾರಣ ಇದು.

ಕರ್ವ್ ಮಾಡುವುದೆಂದರೆ ಅಕ್ಷರವನ್ನು ಬರಿಯ ಆಕಾರವಾಗಿಸುವುದು. ಕನ್ನಡಕ್ಕೆ ಇದರಲ್ಲೊಂದು ಅಡ್ಡಿಯಿದೆ. ಒತ್ತು ಮೂಲಾಕ್ಷರವನ್ನು ಮುಟ್ಟುವ ಕಡೆ, ಕೊಂಬು ಅಂಟುವ ಕಡೆ ಎರಡು ತುಂಡುಗಳು ಒಂದರ ಮೇಲೊಂದು ಏರಿಕೊಂಡಿರುತ್ತವೆ. ಎಲ್ಲವನ್ನೂ ‘ಕಂಬೈನ್’ ಮಾಡಿದ ಕೂಡಲೇ ಏರಿಕೊಂಡಷ್ಟು ಜಾಗ ತೂತಾಗಿ ಬಿಳಿ ಕಾಣುತ್ತದೆ. ಗಾಡಿಗಳ ಮೇಲೆ ಹೆಸರು ಅಂಟಿಸುವ ರೇಡಿಯಂ ಕಟಿಂಗ್‌ನಲ್ಲಿ ಇದು ಇನ್ನೂ ಕೆಡುಕು: ಅಲ್ಲಿ ಗೆರೆಯೇ ಬ್ಲೇಡಿನ ಹಾದಿ, ಬ್ಲೇಡು ಅಕ್ಷರದ ಒಳಗೇ ಕೊಯ್ದುಬಿಡುತ್ತದೆ. ಕೋರಲ್‌ಡ್ರಾದಲ್ಲಿ ‘ವೆಲ್ಡ್’, ಇಲ್ಲಸ್ಟ್ರೇಟರ್‌ನಲ್ಲಿ ‘ಯುನೈಟ್’, ಇಂಕ್‌ಸ್ಕೇಪ್‌ನಲ್ಲಿ ‘ಯೂನಿಯನ್’ ಕೊಟ್ಟರೆ ತುಂಡುಗಳು ಒಂದಾಗಿ ಹೊರಗೆರೆ ಮಾತ್ರ ಉಳಿಯುತ್ತದೆ. ಕರ್ವ್ ಆದ ಮೇಲೆ ಕಾಗುಣಿತ ತಿದ್ದಲಾಗದು. ತಿದ್ದಬಹುದಾದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳದವರು ಮರುಮುದ್ರಣದ ಹೊತ್ತಿಗೆ ಎಲ್ಲವನ್ನೂ ಮತ್ತೆ ಟೈಪ್ ಮಾಡುತ್ತಾರೆ.

ಯೂನಿಕೋಡ್‌ನಲ್ಲಿ ಕೆಲಸ ಮಾಡುವುದೇ ಈಗ ಲೇಸು, ಹಳೆಯ ಫಾಂಟುಗಳ ಚೆಲುವಿಗೆ ಮನಸೋತವರಿಗೆ ಒಪ್ಪಿಕೊಳ್ಳುವುದು ಕಷ್ಟವಾದರೂ. ಇಂಕ್‌ಸ್ಕೇಪ್ ಒತ್ತಕ್ಷರಗಳನ್ನು ತಾನಾಗಿಯೇ ಸರಿಯಾಗಿ ಕೂರಿಸುತ್ತದೆ. ಇಲ್ಲಸ್ಟ್ರೇಟರ್‌ನಲ್ಲಿ ಭಾರತೀಯ ಭಾಷೆಗಳ ಆಯ್ಕೆ ತೆರೆದು, ಪ್ಯಾರಾಗ್ರಾಫ್ ಫಲಕದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ ಆರಿಸಬೇಕು. ಇಲ್ಲದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತವೆ. ರಾಷ್ಟ್ರ, ಸ್ತ್ರೀ, ಸೂರ್ಯ, ಜ್ಞಾನ, ಕರ್ತೃ ಎಂಬ ಐದು ಪದ ಟೈಪ್ ಮಾಡಿ ನೋಡಿದರೆ ತಂತ್ರಾಂಶದ ಯೋಗ್ಯತೆ ತಿಳಿಯುತ್ತದೆ.

ಸಾಲುಗಳ ನಡುವಿನ ಅಂತರವೂ ಗಮನಿಸಬೇಕಾದ್ದು. ತಂತ್ರಾಂಶಗಳು ತಾವಾಗಿ ಕೊಡುವ ಶೇಕಡಾ 120ರ ಅಂತರ ರೋಮನ್ ಲಿಪಿಗೆ ಹೊಂದಿಸಿದ್ದು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಇನ್ನು, ಸಣ್ಣ ಅಳತೆಯಲ್ಲಿ ಮಹಾಪ್ರಾಣ ಉಳಿಸುವುದು ದೊಡ್ಡ ಪಾಡು. ದ–ಧ, ಪ–ಫ, ಬ–ಭಗಳ ನಡುವಿನ ವ್ಯತ್ಯಾಸವೆಲ್ಲ ಅಕ್ಷರದ ಬುಡದ ಒಂದು ಸೀಳಿನಲ್ಲಿದೆ. ಬೆರಕೆ ಕಪ್ಪಿನ ಹಾಸಿನಲ್ಲಿ ಆರು ಪಾಯಿಂಟಿನ ಬಿಳಿ ಅಕ್ಷರ ಕೊರೆದರೆ ನಾಲ್ಕು ಶಾಯಿಗಳಲ್ಲಿ ಒಂದು ತುಸು ಸರಿದರೂ ಸೀಳು ಗುರುತು ಸಿಗದಂತಾಗಿ ಧನಸಹಾಯ ದನಸಹಾಯವಾಗುತ್ತದೆ. ತುಸು ದಪ್ಪ ಫಾಂಟ್, ಎಂಟು ಪಾಯಿಂಟಿಗೆ ಕಡಿಮೆಯಿಲ್ಲದ ಅಳತೆ, ಒಂದೇ ಶಾಯಿಯ ಹಾಸು ಇದ್ದರೆ ಈ ಅಪಾಯ ತಪ್ಪುತ್ತದೆ.

ಪ್ರೆಸ್ಸಿಗೆ ಕೊಡುವ ಫೈಲು

ಪುಟದಂಚಿಗೆ ಮುಟ್ಟುವ ಬಣ್ಣವನ್ನು ಕತ್ತರಿಸುವ ಗೆರೆಯಿಂದ 3 ಮಿಲಿಮೀಟರ್ ಆಚೆಗೆ ಚಾಚಬೇಕು; ಇದು ಬ್ಲೀಡ್. ಅಕ್ಷರಗಳು ಅದೇ ಗೆರೆಯಿಂದ ಕನಿಷ್ಠ 5 ಮಿಲಿಮೀಟರ್ ಒಳಗಿರಬೇಕು. ಫೈಲನ್ನು ಪಿಡಿಎಫ್ ಆಗಿ ಕೊಡುವುದು ಕ್ಷೇಮ. ಮುದ್ರಣಕ್ಕೆಂದೇ ರೂಪಿಸಿದ ಮಾದರಿಗಳಲ್ಲಿ ಪಿಡಿಎಫ್/ಎಕ್ಸ್-1ಎ ಪಾರದರ್ಶಕತೆಯನ್ನೆಲ್ಲ ಮೊದಲೇ ಕರಗಿಸಿ ಬರಿಯ ಶಾಯಿಗಳನ್ನಷ್ಟೇ ಉಳಿಸುತ್ತದೆ. ಪಿಡಿಎಫ್/ಎಕ್ಸ್-4 ಪಾರದರ್ಶಕತೆಯನ್ನು ಹಾಗೇ ರಿಪ್‌ಗೆ ಒಪ್ಪಿಸುತ್ತದೆ. ಯಂತ್ರ ಹೊಸದಾಗಿದ್ದರೆ ಇದೇ ಮೇಲು. ಕೋರಲ್ ಫೈಲನ್ನೇ ಕೇಳುವ ಪ್ರೆಸ್ಸಿಗೆ ಅವರಲ್ಲಿರುವ ಹಳೆಯ ವರ್ಷನ್‌ಗೆ ಇಳಿಸಿ ಕೊಡಬೇಕಾಗುತ್ತದೆ. ಇಳಿಸಿದ ಮೇಲೆ ಮತ್ತೆ ತೆರೆದು ನೋಡದಿದ್ದರೆ ಪಾರದರ್ಶಕ ಭಾಗಗಳು ಬೇರೆ ರೂಪ ತಳೆದಿರುವ ಸಾಧ್ಯತೆಯಿದೆ. ಇಂಕ್‌ಸ್ಕೇಪ್ ಮೂಲತಃ ಪರದೆಯ ಬಣ್ಣಗಳಲ್ಲಿ ಕೆಲಸ ಮಾಡುವುದರಿಂದ ಅದರ ಚಿತ್ರವನ್ನು ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶಕ್ಕೆ ತಂದು ಸಿಎಂವೈಕೆ ಪಿಡಿಎಫ್ ಮಾಡುವುದು ರೂಢಿ.

ಪೊಟ್ಟಣ, ಲೇಬಲ್‌ಗಳಲ್ಲಿ ಬಾರ್‌ಕೋಡ್ ವೆಕ್ಟರ್ ಆಗಿಯೇ, ಒಂದೇ ಕಡುಶಾಯಿಯಲ್ಲಿ ಇರಬೇಕು. 13 ಅಂಕಿಯ ಇಎಎನ್ ಸಂಕೇತದ ಮೂಲ ಅಗಲ ಬದಿಯ ಖಾಲಿ ಜಾಗವೂ ಸೇರಿ 37.29 ಮಿಲಿಮೀಟರ್, ಶೇಕಡಾ 80ಕ್ಕಿಂತ ಕುಗ್ಗಿಸುವಂತಿಲ್ಲ. ಸ್ಕ್ಯಾನರಿನ ಬೆಳಕು ಕೆಂಪಾದ್ದರಿಂದ ಕೆಂಪು ಪಟ್ಟಿಗಳು ಅದಕ್ಕೆ ಬಿಳಿಯಂತೆ ತೋರುತ್ತವೆ. ಫ್ಲೆಕ್ಸ್‌ನ ಕಟ್ಟಳೆ ಬೇರೆ: ಪಿಡಿಎಫ್ ಪುಟಕ್ಕೆ ಮೂಲತಃ ಇದ್ದ 200 ಇಂಚಿನ ಮಿತಿಯಿಂದಾಗಿ ದೊಡ್ಡ ಫಲಕಗಳನ್ನು ಹತ್ತನೇ ಒಂದು ಅಳತೆಯಲ್ಲಿ ಬರೆಯುವ ಪದ್ಧತಿ ಬಂದಿತು.

ಕೊನೆಯ ತಪಾಸಣೆ ಸೆಪರೇಶನ್ ಪ್ರಿವ್ಯೂನಲ್ಲಿ, ಒಂದೊಂದು ಪ್ಲೇಟನ್ನೂ ಬೇರೆಯಾಗಿ ತೆರೆದು. ಕಪ್ಪು ಪ್ಲೇಟನ್ನು ಮುಚ್ಚಿದಾಗ ಪುಟದ ಕಪ್ಪು ಅಕ್ಷರವೆಲ್ಲ ಮಾಯವಾಗಬೇಕು. ಮಸುಕು ಉಳಿದರೆ ಯಾವುದೋ ಸಾಲು ಬೆರಕೆ ಕಪ್ಪಿನಲ್ಲಿದೆ ಎಂದರ್ಥ. ಅಕ್ಷರವೆಲ್ಲ ಒಂದೇ ಪ್ಲೇಟಿನಲ್ಲಿದ್ದರೆ ಪ್ರೂಫಿಗೆ ಸಹಿ ಬಿದ್ದ ಮೇಲೆ ಬೆಲೆಯೋ ತಾರೀಕೋ ಬದಲಾದಾಗ ಹೊಸದಾಗಿ ಮಾಡಿಸಬೇಕಾದ್ದು ಆ ಒಂದು ಪ್ಲೇಟು ಮಾತ್ರ. ಒಂದೇ ಮಕ್ಕಳ ಪುಸ್ತಕವನ್ನು ಹಲವು ಭಾಷೆಗಳಲ್ಲಿ ಒಟ್ಟಿಗೆ ಅಚ್ಚುಹಾಕುವ ಪ್ರಕಾಶಕರು ಮಾಡುವುದೂ ಹೀಗೆಯೇ: ಚಿತ್ರಗಳ ಮೂರು ಬಣ್ಣದ ಪ್ಲೇಟುಗಳು ಯಂತ್ರದಲ್ಲೇ ಇರುತ್ತವೆ, ಭಾಷೆ ಬದಲಾದಾಗ ಕಪ್ಪು ಪ್ಲೇಟನ್ನಷ್ಟೇ ಬದಲಿಸುತ್ತಾರೆ.